ಆರು ಕಾಟಿನ ದವಾಖಾನೆ

ಪ್ರಲ್ಹಾದನ ಬಾಯಲ್ಲಿ ಒಟ್ಟು ಹದಿನಾಲ್ಕು ಮಂದಿ ಬಿಡಾರ ಹೂಡಿದ್ದರು. ತರ್ಕಶಾಸ್ತ್ರ ಹೇಳುತ್ತ ಹೇಳುತ್ತ ತಾವೇ ತೂಕಡಿಸುವ ಕಾಲೇಜಿನ ಪ್ರೊಫೆಸರರು, ಅಣ್ಣನ ಕಚೇರಿಯ ಗೋರಾ ಸಾಹೇಬ, ಸದಾಶಿವ ಪೇಟೆಯಲ್ಲಿ ಅವರ ಮನೆಯಿದ್ದ ವಾಡೆಯ ಮಾಲಕ ಏಕನಾಥರಾವ, ನೀರಿಗೆ ಹಾಲು ಬೆರೆಸುವ ಗವಳಿ, ಕ್ಯಾಂಪಿನ ಚೌಕದಲ್ಲಿ ಕೈ ಬೀಸುವ ಪೋಲೀಸ, ಹೀಗೆ. ಇವರಲ್ಲಿ ಯಾರೂ ಬಾಡಿಗೆ ಕೊಡುತ್ತಿರಲಿಲ್ಲ. ಆದರೆ ಕರೆದ ಕೂಡಲೆ ತಮ್ಮ ತಮ್ಮ ಕೆಮ್ಮು, ಕನ್ನಡಕ, ನಡಿಗೆಗಳ ಸಮೇತ ಹೊರಗೆ ಬರುತ್ತಿದ್ದರು. ಧಾರವಾಡ ಬಿಟ್ಟು ಪುಣೆಗೆ ಬಂದು ಇಪ್ಪತ್ತು ವರ್ಷವಾದ ಆ ಮನೆಯಲ್ಲಿ, ಪ್ರಲ್ಹಾದನ ಸ್ವಂತ ದನಿ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ಹೆತ್ತ ತಾಯಿ ಗಂಗೂಬಾಯಿಯೂ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಈ ಹದಿನಾಲ್ಕು ಮಂದಿಯ ಮುಖ್ಯ ಪ್ರೇಕ್ಷಕ ಅಣ್ಣ ಬಿಂದುಮಾಧವನ ಮಗ, ಎಂಟು ವರ್ಷದ ಶ್ಯಾಮ. ೧೯೪೧ರ ದಸರೆ ಸೂಟಿಯಲ್ಲಿ ಒಂದು ಮುಂಜಾನೆ ಅವನು ಕಾಕಾ ಪ್ರಲ್ಹಾದನ ಸೈಕಲ್ಲಿನ ಮುಂದಿನ ದಾಂಡಿಯ ಮೇಲೆ ಕೂತು, ಮಿಲಿಟರಿ ಲಾರಿಗಳನ್ನು ನೋಡಲು ಕ್ಯಾಂಪಿಗೆ ಹೊರಟಿದ್ದ.

‘ಕಾಕಾ, ಪೋಲೀಸನ್ನ ಮಾಡು.’

‘ಸೈಕಲ್ ಮ್ಯಾಲ ಪೋಲೀಸ ಹ್ಯಾಂಗ ಮಾಡಲೋ?’

‘ಕೈ ಬಿಟ್ಟು ಮಾಡು.’

ಕಾಕಾ ಕೈ ಬಿಟ್ಟ. ಒಂದು ಕೈ ಅಡ್ಡ ಚಾಚಿ, ಇನ್ನೊಂದನ್ನು ಮೇಲೆತ್ತಿ, ಬಾಯಿಂದಲೇ ಸೀಟಿ ಊದಿದ. ಹುಡುಗ ಬಿದ್ದು ಬಿದ್ದು ನಕ್ಕ. ಆ ನಗೆಗೇ ಸೈಕಲ್ಲು ಓಲಾಡಿತೋ ಏನೋ, ತನ್ನ ಪಾಡಿಗೆ ತಾನು ಬರುತ್ತಿದ್ದ ಟಾಂಗಾದ ಚಕ್ರಕ್ಕೆ ಹೋಗಿ ತಾಗಿತು. ಹ್ಯಾಂಡಲ್ಲಿನ ತುದಿ ಶ್ಯಾಮನ ಎಡ ಪಕ್ಕೆಗೆ ನೆಟ್ಟಿತು. ಎಡಗೈ ಮೈಕೆಳಗೆ ಸಿಕ್ಕು ಮೊಣಕೈಯ ಕೆಳಗೆ ಮುರಿಯಿತು.

ಟಾಂಗಾದವನೇ ಇಬ್ಬರನ್ನೂ ಎತ್ತಿ ಹಾಕಿಕೊಂಡು ಸ್ಟೇಶನ್ ಕಡೆಯ ದೊಡ್ಡ ದವಾಖಾನೆಗೆ ಮುಟ್ಟಿಸಿದ. ಅಲ್ಲಿಂದ ಪ್ರಲ್ಹಾದ ಮನೆಗೆ ಸುದ್ದಿ ತಂದಾಗ ತಾಯಿ ಕೇಳಿದ್ದು ಒಂದೇ ಮಾತು: ‘ಹ್ಯಾಂಗಾತೋ?’ ಉತ್ತರ ಕೊಡಲು ಅವನ ದನಿ ಹೊರಡಲೇ ಇಲ್ಲ. ಬದಲಿಗೆ ಟಾಂಗಾದವನ ದನಿ ಹೊರಟಿತು. ‘ಘೋಡಾ ಬಿಥರಲಾ ಸಾಹೇಬ, ಮೀ ಕಾಯ ಕರಣಾರ?’ ಕುದುರೆ ಬೆದರಿತು, ನಾನೇನು ಮಾಡಲಿ ಎಂದು ಆ ಬಡಪಾಯಿ ಹೇಳಿರಲೇ ಇಲ್ಲ. ಆದರೆ ಮನೆಯವರೆಲ್ಲ ಕುದುರೆಯನ್ನು ಬೈದರು. ಹದಿನೈದನೆಯ ಬಿಡಾರ ಹೀಗೆ ಸುಳ್ಳಿನ ಅಡಿಪಾಯದ ಮೇಲೆ ಎದ್ದಿತು.

ದೊಡ್ಡ ದವಾಖಾನೆಯ ಮಕ್ಕಳ ವಾರ್ಡಿನಲ್ಲಿ ಆ ಕಡೆ ಇಪ್ಪತ್ತು, ಈ ಕಡೆ ಇಪ್ಪತ್ತು ಕಬ್ಬಿಣದ ಕಾಟುಗಳು. ಶ್ಯಾಮನಿಗೆ ಹದಿನೇಳನೆಯದು ಸಿಕ್ಕಿತು. ಕೈಗೆ ಪ್ಲಾಸ್ಟರ್ ಹಾಕಿ ಕೊರಳಿಗೆ ಜೋಳಿಗೆ ಕಟ್ಟಿದರು. ಪಕ್ಕೆಯ ಮೇಲೆ ಬಿಲ್ಲೆಯಗಲದ ಒಂದು ನೀಲಿ ಕಲೆ ಇತ್ತು, ಅಷ್ಟೇ. ಮನೆಯವರಿಗೆ ಸಂಜೆ ನಾಲ್ಕರಿಂದ ಐದರ ತನಕ ಮಾತ್ರ ಪ್ರವೇಶ. ಐದು ಹೊಡೆದರೆ ಗಂಟೆ ಬಾರಿಸುತ್ತ ಬರುವ ವಾರ್ಡ್‌ಬಾಯ್ ತಾಯಂದಿರನ್ನು ದನ ಅಟ್ಟಿದ ಹಾಗೆ ಅಟ್ಟುತ್ತಿದ್ದ.

ಮೂರನೆಯ ದಿನ ಸಂಜೆ ಊಟಕ್ಕೆ ಕೂತಾಗ ಬಡಿಸುತ್ತಿದ್ದ ಶ್ಯಾಮನ ತಾಯಿ ಅಂಬಾಳ ಕೈಯೊಳಗಿನ ಸೌಟು ಸಾರಿನ ಪಾತ್ರೆಯಲ್ಲೇ ನಿಂತುಬಿಟ್ಟಿತು.

‘ಮಗ್ಗಲ ಕಾಟಿನ ಹುಡುಗಿ ಇವತ್ತ ಹೋತು. ಶ್ಯಾಮ ನೋಡ್ಯಾನ. ಆ ಅಕ್ಕನ್ನ ಚಾದರ ಹೊಚ್ಚಿ ಎಲ್ಲೆ ಒಯ್ದ್ರವ್ವಾ ಅಂತ ಕೇಳಿದ. ನಾ ಏನಂತ ಹೇಳಲಿ?’

‘ಮೊನ್ನೆ ಒಂದು, ಇವತ್ತೊಂದು,’ ಎಂದಳು ಗಂಗೂಬಾಯಿ, ಒಳಗೆ ಮಡಿಯಲ್ಲಿ ಕೂತಲ್ಲಿಂದಲೇ. ‘ಅದು ದವಾಖಾನಿ ಅಲ್ಲ, ಜಂಕ್ಷನ್ನು. ಅಲ್ಲಿಂದ ಹೊಂಟ ಗಾಡಿ ಎಲ್ಲಾ ಮ್ಯಾಲ ಹೋಗತಾವ.’

‘ನಲವತ್ತು ಕಾಟ ಅವ ಅವ್ವಾ,’ ಎಂದ ಬಿಂದುಮಾಧವ. ‘ನಲವತ್ತರಾಗ ಒಂದೆರಡು...’

‘ಮತ್ತ ನಮ್ಮ ಸದಾನಂದನ ಕಡೆ? ಆರ ಕಾಟು. ಒಂದ ಮನಿ ಇದ್ದಂಗ. ಹತ್ತು ವರ್ಷಾತು, ಅವನ ದವಾಖಾನ್ಯಾಗ ಒಂದು ಕೂಸು ಸತ್ತಿಲ್ಲ. ತಾಯಿ ಮಗ್ಗಲದಾಗ ಮಲಗಬಹುದು. ಹಿತ್ತಲ ಪಡಸಾಲಿಯೊಳಗ ಶೆಗಡಿ ಹಚ್ಚಿ ನಾನ ಅಡಗಿ ಮಾಡಿ ಹಾಕತೀನಿ. ಇಲ್ಲೆ ಏನು ತಿನಸತಾರ ಗೊತ್ತದ ಏನು ನಿನಗ? ಪಾವು. ಕಾಲಲೆ ತುಳದ ಹಿಟ್ಟಿನ ಪಾವು. ಕೂಸು ಅಳಕೋತ ನುಂಗಿರಬೇಕು.’

ಕೂಸು ಅಳುತ್ತ ನುಂಗಿರಲಿಲ್ಲ. ಆ ಬ್ರೆಡ್ಡು ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿತ್ತು. ಪ್ರಲ್ಹಾದ ಕಣ್ಣಾರೆ ನೋಡಿದ್ದ. ಆದರೆ ಅವನು ತಲೆ ಬಗ್ಗಿಸಿ ಭಕ್ಕರಿಯನ್ನು ಚಟ್ನಿಪುಡಿಗೆ ಒತ್ತಿದ.

‘ನೀವು ಏನಂತೀರಿ?’ ಅಂಬಾ ಗಂಡನನ್ನು ಕೇಳಿದಳು. ‘ನನಗ ಅವನ ಹತ್ರ ಕೂಡಲಿಕ್ಕೆ ಬೇಕು. ಒಂದು ತಾಸಿನ ತಾಯಿ ಆಗಿ ನನಗ ಸಾಕಾಗ್ಯದ.’

ಬಿಂದುಮಾಧವ ಮಿಲಿಟರಿ ಲೆಕ್ಕದ ಕಚೇರಿಯಲ್ಲಿ ಕಾರಕೂನ. ಮೇಲಿನವರ ಸಹಿ ಇಲ್ಲದೆ ಅವನು ಮನೆಯ ಛತ್ರಿಯನ್ನೂ ಬಿಚ್ಚುವವನಲ್ಲ. ‘ಅಲ್ಲಿನ ದೊಡ್ಡ ಡಾಕ್ಟರರನ್ನ ಕೇಳದ ಹ್ಯಾಂಗ ತರೂದು? ನನಗ ನಾಳೆ ರಜಾ ಸಿಗೂದಿಲ್ಲ. ಪ್ರಲ್ಹಾದ, ನೀ ಹೋಗಿ ಕೇಳಿ ಬಾ. ಅವರು ಏನಂತಾರ ಅದನ್ನ ಬಂದು ಹೇಳು, ಅಂದಂಗ ಹೇಳು.’

ಅಂದ ಹಾಗೆಯೇ ಹೇಳುವುದರಲ್ಲಿ ಪ್ರಲ್ಹಾದನನ್ನು ಸರಿಗಟ್ಟುವವರು ಪುಣೆಯಲ್ಲಿರಲಿಲ್ಲ.

ದೊಡ್ಡ ಡಾಕ್ಟರು ಪಾರಸಿ, ಘಾಸವಾಲಾ ಎಂದು ಹೆಸರು. ಘಾಸಿಯಾದವರನ್ನು ನೋಡುವವನಿಗೆ ಇದಕ್ಕಿಂತ ಒಪ್ಪುವ ಹೆಸರು ಯಾರು ಇಟ್ಟಾರು ಎಂದು ಪ್ರಲ್ಹಾದನಿಗೆ ಬಾಗಿಲಲ್ಲೇ ಹೊಳೆದು, ತುಟಿಯಂಚಿನಲ್ಲಿ ನಗೆ ಬಂದಿತ್ತು. ಎತ್ತರದ ಆಳು, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಗಿಡ್ಡ ಪೆನ್ಸಿಲ್ಲು. ಪ್ರತಿ ಮಾತನ್ನೂ ಎರಡೆರಡು ಸಲ ಆಡುವ ರೂಢಿ. ಎರಡರ ನಡುವೆ ಹಲ್ಲಿನ ಸಂದಿಯಿಂದ ಉಸಿರನ್ನು ಚೂಯ್ ಎಂದು ಎಳೆಯುವುದು.

‘ದೇಖೋ ಬಾಬಾ. ಹಾಥ ಕುಛ ನಹೀ. ಹಾಥ ಕುಛ ನಹೀ. ಪೇಟ ದೇಖೋ, ಪೇಟ.’ ಕೈ ಏನೂ ಅಲ್ಲ, ಹೊಟ್ಟೆ ನೋಡು ಎಂದು ಹೇಳಿ, ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ ಅವರು ತಿಳಿಸಿದ್ದು ಇಷ್ಟು: ಹ್ಯಾಂಡಲ್ಲು ನೆಟ್ಟ ಜಾಗದ ಕೆಳಗೆ ಗುಲ್ಮ ಎಂಬ ರಕ್ತ ತುಂಬಿದ ಮೆತ್ತಗಿನ ಅಂಗ ಇರುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ಕೆಲವು ಸಲ ರಕ್ತ ಅದರ ಪೊರೆಯ ಒಳಗೇ ಗೂಡು ಕಟ್ಟಿಕೊಂಡು ಸುಮ್ಮನೆ ಕೂಡುತ್ತದೆ. ಹುಡುಗ ಉಣ್ಣುತ್ತಾನೆ, ಆಡುತ್ತಾನೆ. ಎಂಟು ದಿನಕ್ಕೋ ಹತ್ತು ದಿನಕ್ಕೋ ಪೊರೆ ಒಡೆಯುತ್ತದೆ. ಆಗ ಕೈಯಲ್ಲಿರುವುದು ತಾಸುಗಳು ಮಾತ್ರ. ‘ದಸ ದಿವಸ ಯಹಾ ರಖೋ. ದಸ ದಿವಸ.’ ಪೆನ್ಸಿಲ್ಲಿನಿಂದ ಪ್ರಲ್ಹಾದನ ಎಡಭುಜದ ತುದಿಯನ್ನು ಕುಟ್ಟಿದರು. ‘ಇಲ್ಲಿ ನೋಯುತ್ತದೆ ಎಂದು ಹುಡುಗ ಹೇಳಿದ ನಿಮಿಷವೇ ನನ್ನನ್ನು ಕರೆಯಿರಿ. ಒಳಗೆ ಸೋರಿದ ರಕ್ತದ ನೋವು ಅಲ್ಲಿ ಕಾಣುತ್ತದೆ.’ ಚೂಯ್. ‘ಅಲ್ಲಿ ಕಾಣುತ್ತದೆ.’

ಪ್ರಲ್ಹಾದ ಸೈಕಲ್ಲು ತಳ್ಳಿಕೊಂಡೇ ಮನೆಗೆ ಬಂದ. ಮೂರು ಮುಖಗಳು ಬಾಗಿಲಲ್ಲೇ ಕಾಯುತ್ತಿದ್ದವು. ಅಣ್ಣ ಕೋಟನ್ನೂ ತೆಗೆದಿರಲಿಲ್ಲ. ಆ ಮುಖಗಳನ್ನು ನೋಡಿದ ಕೂಡಲೆ ಅವನ ದನಿ ಮತ್ತೆ ಒಳಗೆ ಸರಿಯಿತು. ಹಾಗೆ ಸರಿದಾಗ ಬರುವವರು ಬಂದರು: ಅಜ್ಜನ ಹಳೆಯ ಕನ್ನಡಕ ಮೂಗಿನ ತುದಿಗೆ ಏರಿತು, ಸೌಟು ಪೆನ್ಸಿಲ್ಲಾಯಿತು.

‘ದೇಖೋ ಬಾಬಾ.’ ಚೂಯ್. ‘ದೇಖೋ ಬಾಬಾ. ಎಡಗಡೆ ಒಳಗ ಗುಲ್ಮ ಅಂತ ಒಬ್ಬ ಗುಲಾಮ ಇರತಾನ. ಒಬ್ಬ ಗುಲಾಮ. ಎಂಟು ದಿನ ಸಲಾಮ ಹೊಡಕೋತ ಸುಮ್ಮನಿರತಾನ, ಒಂಬತ್ತನೇ ದಿನ ಬಂಡಾಯ ಏಳತಾನ.’ ಚೂಯ್. ‘ಹೊಟ್ಟಿಗೆ ಪೆಟ್ಟು ಬಿದ್ದರ ನೋವು ಎಲ್ಲೆ? ಭುಜದಾಗ.’ ಸೌಟಿನಿಂದ ಅಣ್ಣನ ಭುಜ ಕುಟ್ಟಿದ. ‘ಭುಜದಾಗ.’

ಮೊದಲು ನಕ್ಕವಳು ಗಂಗೂಬಾಯಿ. ‘ಹೊಟ್ಟಿ ನೊಂದರ ಭುಜಕ್ಕ ಎಣ್ಣಿ ಹಚ್ಚು ಅಂತಾನೇನು ಪಾರಸಿ?’ ಎಂದು ಸೆರಗು ಬಾಯಿಗೆ ಹಿಡಿದಳು. ನಾಲ್ಕು ದಿನದಿಂದ ನಗು ಕಂಡಿರದ ಮನೆಯಲ್ಲಿ ಆ ನಗು ಎಲ್ಲರಿಗೂ ಅಂಟಿತು. ಅಂಬಾ ಕಣ್ಣೊರೆಸಿಕೊಂಡು ನಕ್ಕಳು. ಬಿಂದುಮಾಧವ ಕೂಡ ಕೋಟಿನ ಗುಂಡಿ ಬಿಚ್ಚುತ್ತ, ‘ಇನ್ನೊಮ್ಮೆ ಮಾಡು,’ ಎಂದ. ಪ್ರಲ್ಹಾದ ಇನ್ನೊಮ್ಮೆ ಮಾಡಿದ. ಎರಡನೆಯ ಸಲ ಇನ್ನೂ ಛಲೋ ಬಂತು.

‘ಅಂದರ, ಕಳಸತಾರೋ ಇಲ್ಲೋ?’ ಎಂದು ಕಡೆಗೆ ಅಣ್ಣ ಕೇಳಿದ.

‘ಹತ್ತು ದಿನ ಇಲ್ಲೇ ಇಡ್ರಿ ಅಂದರು,’ ಎಂದ ಪ್ರಲ್ಹಾದ. ದನಿಯಲ್ಲಿ ಇನ್ನೂ ಅರ್ಧ ಪಾರಸಿ ಉಳಿದಿತ್ತು.

‘ಇಡತಾರ, ಯಾಕಿಡೂದಿಲ್ಲ? ಕಾಟ ತುಂಬಬೇಕಲ್ಲ,’ ಎಂದಳು ಗಂಗೂಬಾಯಿ. ‘ನಾಳೆನ ಸದಾನಂದನ ಕಡೆ ಒಯ್ಯೋಣ.’

ಈಗ ಹೇಳಬೇಕಿತ್ತು. ಆದರೆ ಹೇಳಹೊರಟರೆ ಹ್ಯಾಂಡಲ್ಲಿನ ಮಾತು ಬರುತ್ತಿತ್ತು. ಹ್ಯಾಂಡಲ್ಲು ಹ್ಯಾಗೆ ನೆಟ್ಟಿತು, ಕೈ ಎಲ್ಲಿದ್ದವು ಎಂದು ಕಾರಕೂನ ಅಣ್ಣ ಒಂದೊಂದಾಗಿ ಕೇಳುತ್ತಿದ್ದ. ಪ್ರಲ್ಹಾದ ಸೌಟನ್ನು ಇದ್ದಲ್ಲಿ ಇಟ್ಟ.

ಮರುದಿನ ಬಿಂದುಮಾಧವ ತಾಯಿಯ ಮಾತನ್ನೇ ಮೇಲಿನವರ ಸಹಿ ಎಂದು ತಿಳಿದು, ಸ್ವಂತ ಜವಾಬುದಾರಿಯ ಮೇಲೆ ಒಯ್ಯುತ್ತೇನೆಂದು ಸಹಿ ಮಾಡಿ ಮಗನನ್ನು ಶನಿವಾರ ಪೇಟೆಯ ಸದಾನಂದರ ದವಾಖಾನೆಗೆ ತಂದ.

ಡಾಕ್ಟರ್ ಸದಾನಂದ ಗಂಗೂಬಾಯಿಯ ತವರೂರಿನವರು. ಜ್ವರ, ಬಾಣಂತನ, ಸಣ್ಣಪುಟ್ಟ ಗಾಯಗಳಲ್ಲಿ ಕೈಗುಣ ಒಳ್ಳೆಯದೆಂದು ಪೇಟೆಯ ಕನ್ನಡದವರೆಲ್ಲ ಅವರಲ್ಲಿಗೇ ಬರುವುದು. ‘ಕೈ ಮುರದದ, ಪ್ಲಾಸ್ಟರ್ ಅಲ್ಲೇ ಹಾಕ್ಯಾರ. ಇಲ್ಲೆ ಆರಾಮ ತಗೊಳ್ಳಲಿ,’ ಎಂದು ಬಿಂದುಮಾಧವ ಅವರಿಗೆ ಹೇಳಿದ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಅಂದು ಅದು ಮೆತ್ತಗಿತ್ತು.

ಕಿಡಕಿಯ ಹತ್ತಿರದ ಕಾಟು, ಮಗ್ಗುಲಲ್ಲಿ ತಾಯಿ, ಹಿತ್ತಲಲ್ಲಿ ಅಜ್ಜಿಯ ಶೆಗಡಿ. ಮೆತ್ತಗಿನ ಅನ್ನ, ಕಟ್ಟಿನ ಸಾರು, ಬೆಲ್ಲ ಹಾಕಿದ ಹಾಲು. ಶ್ಯಾಮ ಒಮ್ಮೆ, ‘ಇಲ್ಲೆ ಪಾವು ಕೊಡೂದಿಲ್ಲೇನು?’ ಎಂದು ಕೇಳಿ ಅಜ್ಜಿಯಿಂದ ಬೈಸಿಕೊಂಡ. ಇತ್ತ ಮನೆಯಲ್ಲಿ ಅಣ್ಣ ತಮ್ಮ ಇಬ್ಬರೇ. ಬಿಂದುಮಾಧವ ಅನ್ನ ಸೀಯಿಸಿ, ಮುಂಗೈ ಸುಟ್ಟುಕೊಂಡು, ಒಗೆದ ಧೋತರವನ್ನು ಹಿಂಡದೆ ಗ್ಯಾಲರಿಯಲ್ಲಿ ಹರವಿ, ಕೆಳಗೆ ನಿಂತ ಏಕನಾಥರಾವರ ಪಗಡಿಯ ಮೇಲೆ ಮಳೆ ಸುರಿಸಿದ. ಇಂಥದೊಂದು ಸಿಕ್ಕಿದ್ದರೆ ಬೇರೆ ದಿನ ಪ್ರಲ್ಹಾದ ವಾರಗಟ್ಟಲೆ ಆಡಿ ತೋರಿಸುತ್ತಿದ್ದ. ಈ ಸಲ ಅವನು ದಿನಗಳನ್ನು ಮಾತ್ರ ಎಣಿಸುತ್ತಿದ್ದ. ಐದು. ಆರು. ಏಳು.

ಹೋದಾಗಲೆಲ್ಲ ಶ್ಯಾಮನ ಕಿವಿಯ ಹತ್ತಿರ ಬಗ್ಗಿ ಕೇಳುತ್ತಿದ್ದ: ‘ಭುಜ ನೋಯತದ ಏನೋ?’

‘ಇಲ್ಲ. ಪಾರಸೀನ್ನ ಮಾಡು.’

‘ಖರೇ ಹೇಳು. ನೋಯತದ?’

‘ಇಲ್ಲೋ ಕಾಕಾ. ಚೂಯ್ ಅನ್ನು.’

‘ಹುಡುಗಗ ಸುಮ್ಮ ಸುಮ್ಮನ ಏನು ಕೇಳತೀಯೋ?’ ಅಂಬಾ ಗದರಿದಳು. ‘ನಾಳೆ ಅವನೂ ಅದನ್ನ ಶುರು ಮಾಡತಾನ.’

ಒಂಬತ್ತನೆಯ ದಿನ ಸೂಟಿ ಮುಗಿದು ಕಾಲೇಜು ತೆರೆದಿತ್ತು. ಎರಡು ತಾಸು ಕೂತು ತರ್ಕಶಾಸ್ತ್ರಕ್ಕೆ ಚಕ್ಕರ್ ಕೊಟ್ಟು ಪ್ರಲ್ಹಾದ ಹನ್ನೊಂದರ ಸುಮಾರಿಗೆ ದವಾಖಾನೆಗೆ ಬಂದ. ಬಾಗಿಲಲ್ಲೇ ಬಿಸಿ ಎಣ್ಣೆಯ ವಾಸನೆ. ಗಂಗೂಬಾಯಿ ಮೊಮ್ಮಗನ ಎಡಭುಜಕ್ಕೆ ಎಳ್ಳೆಣ್ಣೆ ತಿಕ್ಕುತ್ತಿದ್ದಳು. ಡಾಕ್ಟರ್ ಸದಾನಂದ ಜೋಳಿಗೆಯ ಗಂಟು ಬಿಚ್ಚಿ ಸಡಿಲಾಗಿ ಕಟ್ಟುತ್ತಿದ್ದರು.

‘ಏನಾತು?’

‘ಏನಿಲ್ಲ, ಜೋಳಗಿ ಜಗ್ಗಿ ಭುಜ ನೋಯಲಿಕತ್ತದಂತ,’ ಎಂದಳು ಅಂಬಾ. ‘ಮುಂಜಾನಿಂದ ಒಂದ ಸವನ ಅಳತಾನ. ನೀನ ಕಲಿಸೀದಿ ಅವಗ.’

ಶ್ಯಾಮ ಅಳುತ್ತಿರಲಿಲ್ಲ. ಅಳುವಷ್ಟು ಕಸುವು ಅವನಲ್ಲಿರಲಿಲ್ಲ. ತುಟಿ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಹಣೆಯ ಮೇಲೆ ಬೆವರಿನ ಹನಿಗಳು. ಕಾಕಾನನ್ನು ನೋಡಿಯೂ ‘ಚೂಯ್’ ಅನ್ನು ಎಂದು ಕೇಳಲಿಲ್ಲ.

‘ಡಾಕ್ಟರ್ರ, ಇವನ್ನ ಈಗಿಂದೀಗ ದೊಡ್ಡ ದವಾಖಾನಿಗೆ ಒಯ್ಯಬೇಕ್ರಿ. ಒಳಗ ರಕ್ತ ಸೋರಲಿಕತ್ತದ. ಗುಲ್ಮ ಒಡದದ.’

ಗಂಗೂಬಾಯಿ ಎಣ್ಣೆಗೈಯನ್ನು ಹಾಗೆಯೇ ಹಿಡಿದು ಡಾಕ್ಟರ ಕಡೆ ತಿರುಗಿದಳು. ‘ನೋಡ್ರಿ, ಶುರು ಆತು. ಆ ಪಾರಸೀನ್ನ ಭಾಳ ಛಲೋ ಮಾಡತಾನ ಇವ. ಗುಲ್ಮ ಅಂತ, ಗುಲಾಮ ಅಂತ... ಕನ್ನಡಕ ಎಲ್ಲೆದೋ?’

‘ಅವ್ವಾ, ನಾ ಮಾಡಲಿಕತ್ತಿಲ್ಲ.’

‘ಮತ್ತ ಇದು ಯಾರ ದನಿ?’

ಪ್ರಲ್ಹಾದ ಬಾಯಿ ತೆರೆದ. ಪ್ರೊಫೆಸರು ಬರಲಿಲ್ಲ, ಸಾಹೇಬ ಬರಲಿಲ್ಲ, ಪೋಲೀಸ ಬರಲಿಲ್ಲ. ಇಡೀ ಬಿಡಾರ ಖಾಲಿಯಾಗಿತ್ತು. ಬಂದದ್ದು ತೆಳ್ಳಗಿನ, ಅಲ್ಲಲ್ಲಿ ಒಡೆದ, ಯಾರೂ ಕೇಳದ ಒಂದು ದನಿ.

‘ಇದು ನನ್ನ ದನಿ. ನಗಬ್ಯಾಡ್ರಿ.’

ಅಂಬಾಳ ತುಟಿಯಲ್ಲಿ ನಗೆ ಅರ್ಧಕ್ಕೆ ಬಂದು ನಿಂತಿತ್ತು. ಇದೂ ಯಾವುದೋ ಹೊಸ ಸೋಗು ಇರಬೇಕು, ಮುಂದೇನೋ ತಮಾಷೆ ಬರುತ್ತದೆ ಎಂದು ಕಾಯುತ್ತಿದ್ದಳು. ಅದನ್ನು ಕಂಡಾಗ ಪ್ರಲ್ಹಾದನಿಗೆ ಉಳಿದಿದ್ದ ದಾರಿ ಒಂದೇ ಎಂದು ತಿಳಿಯಿತು. ಅತ್ತಿಗೆಯ ಕಡೆ ತಿರುಗಿದ.

‘ವೈನಿ, ಕುದುರಿ ಬೆದರಿರಲಿಲ್ಲ. ಟಾಂಗಾದಾವಂದು ಏನೂ ತಪ್ಪಿಲ್ಲ. ನಾ ಎರಡೂ ಕೈ ಬಿಟ್ಟಿದ್ದೆ. ಪೋಲೀಸನ್ನ ಮಾಡಲಿಕತ್ತಿದ್ದೆ. ಹ್ಯಾಂಡಲ್ ಬಂದು ಇವನ ಪಕ್ಕಿಗೆ ನೆಟ್ಟದ್ದು ಅದಕ್ಕ.’ ಉಸಿರು ತೆಗೆದುಕೊಂಡ. ‘ಆ ಡಾಕ್ಟರು ನಗಸಲಿಕ್ಕೆ ಹೇಳಿರಲಿಲ್ಲ. ಭುಜ ನೊಂದರ ಆ ನಿಮಿಷ ಕರೀರಿ, ತಾಸುಗಳು ಅಷ್ಟ ಇರತಾವ ಅಂತ ಹೇಳಿದ್ದರು. ನಾ ಅದನ್ನ ನಿಮಗ ನಗಿಯೊಳಗ ಸುತ್ತಿ ಕೊಟ್ಟೆ.’

ಯಾರೂ ನಗಲಿಲ್ಲ. ತನ್ನ ತಲೆಯ ಮೇಲೆ ತಾನೇ ಇಂಥ ಕಲ್ಲು ಎತ್ತಿ ಹಾಕಿಕೊಳ್ಳುವ ಸೋಗು ಲೋಕದಲ್ಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಡಾಕ್ಟರ್ ಸದಾನಂದ ಬಗ್ಗಿ ಹುಡುಗನ ನಾಡಿ ಹಿಡಿದರು. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು. ಹೊಟ್ಟೆಯ ಮೇಲೆ ಅಂಗೈ ಇಟ್ಟರು. ನಾಲ್ಕು ದಿನದ ಹಿಂದೆ ಮೆತ್ತಗಿದ್ದ ಹೊಟ್ಟೆ ಮಣೆಯ ಹಾಗೆ ಬಿಗಿದಿತ್ತು.

‘ನನಗ ಯಾರೂ ಇದನ್ನ ಹೇಳಲಿಲ್ಲ,’ ಎಂದರು ಮೆಲ್ಲಗೆ.

‘ಸದಾನಂದಾ, ನೀನ ಮಾಡು ಏನು ಮಾಡಬೇಕೋ,’ ಎಂದಳು ಗಂಗೂಬಾಯಿ. ಅವಳ ದನಿಯೂ ಬದಲಾಗಿತ್ತು. ‘ಮತ್ತ ಆ ಜಂಕ್ಷನ್ನಿಗೆ ಬ್ಯಾಡ. ಹತ್ತು ವರ್ಷಾತು ಇಲ್ಲೆ ಒಂದು ಕೂಸು...’

‘ಸತ್ತಿಲ್ಲ. ಗೊತ್ತದ ಗಂಗಕ್ಕಾ, ಊರ ತುಂಬ ನೀ ಹೇಳಿಕೋತ ಬಂದೀದಿ, ನಾನೂ ಕೇಳಿ ಹಿಗ್ಗಿಕೋತ ಬಂದೀನಿ. ಸಾಯುವಂಥಾವು ಇಲ್ಲಿಗೆ ಬಂದ ಇಲ್ಲ. ಅದಕ್ಕ ಸತ್ತಿಲ್ಲ. ಅವೆಲ್ಲ ಅಲ್ಲೆ ಹೋಗತಾವ, ಅಲ್ಲೆ ಅರ್ಧಕ್ಕರ್ಧ ಉಳೀತಾವ. ಇಲ್ಲೆ ಬಂದದ್ದು ಇದ ಮೊದಲನೇದು.’ ಅವರು ಆಗಲೇ ಕೋಟು ಹಾಕಿಕೊಳ್ಳುತ್ತಿದ್ದರು. ‘ಈ ಆಪರೇಶನ್ ನಾ ಪುಸ್ತಕದಾಗ ನೋಡೀನಿ. ಆ ಮನಷ್ಯಾ ಹೊಟ್ಟಿಯೊಳಗ ನೋಡ್ಯಾನ. ಅಂಬಾ, ಹುಡುಗನ್ನ ಅಲುಗಾಡಸದ ಎತ್ತಿಕೋ. ನನ್ನ ಮೋಟಾರ ಹೊರಗ ಅದ.’

ಗಂಗೂಬಾಯಿ ಮಡಿಸೀರೆಯಲ್ಲೇ ಎದ್ದು, ಹಾದಿಯ ಮಂದಿಯನ್ನು ಮುಟ್ಟಿ ತಟ್ಟಿ ಸರಿಸುತ್ತ ಮೋಟಾರಿನ ಬಾಗಿಲು ತೆರೆದಳು. ಶೆಗಡಿಯ ಮೇಲಿನ ಸಾರು ಅಲ್ಲೇ ಉಕ್ಕಿ ಕೆಂಡ ಆರಿಸಿತು.

ಅದು ಪುಟ್ಟ ಮೋಟಾರು, ಅದಕ್ಕೆ ದೊಡ್ಡ ಸದ್ದು. ಲಕಡೀ ಪೂಲ್ ಸೇತುವೆಯ ಕಡೆಯಿಂದ ಬಂದ ಎತ್ತಿನ ಗಾಡಿಗಳ ಸಾಲು ಚೌಕವನ್ನು ಅಡ್ಡಗಟ್ಟಿತ್ತು. ಡಾಕ್ಟರು ಪೋಂ ಪೋಂ ಎಂದರೂ ಎತ್ತುಗಳು ಮೆಲುಕು ಹಾಕುತ್ತ ನಿಂತವು. ಪ್ರಲ್ಹಾದ ಹಾರಿ ಇಳಿದು ಒಂದು ಕೈ ಅಡ್ಡ ಚಾಚಿ ಇನ್ನೊಂದನ್ನು ಮೇಲೆತ್ತಿದ. ಗಾಡಿಗಳು ಸರಿದವು. ಮತ್ತೆ ಹತ್ತುವಾಗ ಅತ್ತಿಗೆ ತನ್ನ ಆ ಎರಡು ಕೈಗಳನ್ನೇ ನೋಡುತ್ತಿದ್ದುದನ್ನು ಕಂಡು ಅವುಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ತೊಡೆಯ ಕೆಳಗೆ ಹಾಕಿ ಕೂತ.

ದೊಡ್ಡ ದವಾಖಾನೆಯಲ್ಲಿ ಘಾಸವಾಲಾ ಕೇಳಿದ್ದು ಒಂದೇ ಪ್ರಶ್ನೆ. ‘ಕಿತನಾ ದಿವಸ?’

‘ನೌ.’ ಒಂಬತ್ತು ಎಂದ ಪ್ರಲ್ಹಾದ.

‘ನೌ,’ ಎಂದರು ಅವರೂ, ಚೂಯ್ ಎನ್ನದೆ. ಆಮೇಲೆ ಎರಡನೆಯ ಸಲ ಹೇಳಲು ಅವರಿಗೆ ಪುರುಸೊತ್ತಿರಲಿಲ್ಲ. ಯಾವ ಬಾಗಿಲು ತೆರೆಯಬೇಕು, ಯಾರು ಓಡಬೇಕು, ಯಾರ ರಕ್ತ ಪರೀಕ್ಷೆಗೆ ಹೋಗಬೇಕು ಎಂಬುದು ಅಲ್ಲಿದ್ದವರಿಗೆಲ್ಲ ಮೊದಲೇ ಗೊತ್ತಿದ್ದಂತಿತ್ತು. ಯಾರೂ ಕೂಗಲಿಲ್ಲ, ಯಾರೂ ಯಾರನ್ನೂ ಕೇಳಲಿಲ್ಲ. ಅಂಬಾಳ ರಕ್ತ ಹೊಂದಲಿಲ್ಲ, ಪ್ರಲ್ಹಾದನದು ಹೊಂದಿತು. ಅವನನ್ನು ಮಲಗಿಸಿ ಬಾಟಲಿಗೆ ರಕ್ತ ತೆಗೆಯುವಾಗ ಸಿಸ್ಟರು, ‘ಏನಾದರೂ ಮಾತಾಡು, ತಲೆ ತಿರುಗುವುದಿಲ್ಲ,’ ಎಂದು ಮರಾಠಿಯಲ್ಲಿ ಹೇಳಿದಳು. ಅವನು ಒಂದರಿಂದ ಒಂಬತ್ತರ ತನಕ ಎಣಿಸಿದ, ಮತ್ತೆ ಒಂದರಿಂದ.

ಹೊರಗೆ ಬೆಂಚಿನ ಮೇಲೆ ಸದಾನಂದ, ಗಂಗೂಬಾಯಿ, ಅಂಬಾ. ಕಚೇರಿಯಿಂದ ರಜೆಯನ್ನೂ ಕೇಳದೆ ಓಡಿ ಬಂದ ಬಿಂದುಮಾಧವ ಕೊನೆಯಲ್ಲಿ ನಿಂತಿದ್ದ. ತೋಳಿಗೆ ಅರಳೆ ಒತ್ತಿಕೊಂಡು ಬಂದ ಪ್ರಲ್ಹಾದನಿಗೆ ಯಾರೂ ಜಾಗ ಬಿಡಲಿಲ್ಲ.

‘ಎರಡೂ ಕೈ?’ ಎಂದು ಕೇಳಿದಳು ಅಂಬಾ.

‘ಹೌದು ವೈನಿ.’

ಅವಳು ಬೆಂಚಿನ ಮೇಲೆ ಆ ಕಡೆ ತಿರುಗಿ ಕೂತಳು.

ಎರಡು ತಾಸಿನ ಮೇಲೆ ಘಾಸವಾಲಾ ಹೊರಗೆ ಬಂದರು. ಸದಾನಂದರನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಮಾತಾಡಿದರು. ತಿರುಗಿ ಬಂದ ಸದಾನಂದ ಬೆಂಚಿನ ಮೇಲೆ ಕೂತು, ಕನ್ನಡಕ ತೆಗೆದು ಒರೆಸತೊಡಗಿದರು.

‘ಜೀವ ಅದ. ಗುಲ್ಮ ತಗದು ಹಾಕ್ಯಾರ. ಇನ್ನೂ ಮೂರು ದಿನ ಏನೂ ಹೇಳಲಿಕ್ಕೆ ಬರೂದಿಲ್ಲ.’ ಕನ್ನಡಕ ಏರಿಸಿಕೊಂಡು ಹೇಳಿದರು: ‘ಈ ವಾರ್ಡಿನ್ಯಾಗ ಇಂಥಾ ಹುಡುಗೂರೊಳಗ ಇವ ಹನ್ನೊಂದನೇದವನಂತ. ಮೊದಲಿನ ನಾಲ್ಕು ಮಂದಿ ಉಳೀಲಿಲ್ಲಂತ. ಆ ನಾಲ್ಕು ಮಂದಿನ ನನಗ ಕಲಿಸಿದವರು ಅಂದ ಘಾಸವಾಲಾ. ಎರಡು ಸಲ ಅಂದ.’

ಗಂಗೂಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಚಾದರ ಹೊಚ್ಚಿ ಒಯ್ದ ಮಗ್ಗುಲ ಕಾಟಿನ ಆ ಹುಡುಗಿಗೆ ಏನಾಗಿತ್ತು, ಎಷ್ಟನೆಯವಳಾಗಿದ್ದಳು ಎಂದು ಯಾರೂ ಕೇಳಿರಲಿಲ್ಲ.

ಮೂರು ದಿನ ಕಳೆದವು. ಆಮೇಲೆ ಮೂರು ವಾರ. ನಾಲ್ಕರಿಂದ ಐದರ ತನಕದ ಒಂದೇ ತಾಸಿಗಾಗಿ ಗಂಗೂಬಾಯಿ ದಿನವೂ ಎರಡಕ್ಕೇ ಬಂದು ಗೇಟಿನ ಒಳಗಿನ ಬೇವಿನ ಗಿಡದ ಕೆಳಗೆ ಕೂಡುತ್ತಿದ್ದಳು. ಒಳಗೆ ಹೋದ ಕೂಡಲೆ ಸಿಸ್ಟರನ್ನು ತನ್ನ ಒಡಕು ಮರಾಠಿಯಲ್ಲಿ ವಿಚಾರಿಸುವುದು ಒಂದೇ: ಇವತ್ತು ಪಾವು ಕೊಟ್ಟಿರೋ ಇಲ್ಲವೋ, ಎಷ್ಟು ಕೊಟ್ಟಿರಿ, ಎರಡೇ ಯಾಕೆ.

ಮನೆಯಲ್ಲಿ ಅಂಬಾ ಪ್ರಲ್ಹಾದನಿಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಭಕ್ಕರಿ ಮೇಲಿನಿಂದ ತಾಟಿಗೆ ಬೀಳುತ್ತಿತ್ತು. ಸಾರು ಬೇಕೋ ಎಂದು ಕೇಳದೆ ಸುರಿಯುತ್ತಿದ್ದಳು. ಬೇಡ ಎನ್ನಲು ಅವನು ಕೈ ಅಡ್ಡ ಹಿಡಿದರೆ, ಆ ಕೈಯನ್ನೇ ನೋಡಿ ಒಳಗೆ ಹೋಗುತ್ತಿದ್ದಳು. ‘ಎಷ್ಟು ದಿನ ಹಿಂಗ?’ ಎಂದು ಬಿಂದುಮಾಧವ ಒಮ್ಮೆ ಕೇಳಿದ್ದಕ್ಕೆ, ‘ಆ ಸೌಟಿನ ಡಾಕ್ಟರಗ ಇನ್ನೊಮ್ಮೆ ಮಾಡು ಅಂದವರು ಯಾರು?’ ಎಂದಳು. ಬಿಂದುಮಾಧವ ಎದ್ದು ಕೈ ತೊಳೆಯಲು ಹೋದ. ಏಕನಾಥರಾವರು ಜಿನೆಯ ಮೆಟ್ಟಿಲ ಮೇಲೆ ಪ್ರಲ್ಹಾದನನ್ನು ಕಂಡು, ‘ಏನಯ್ಯಾ, ಇತ್ತೀಚೆಗೆ ಮೇಲಿನಿಂದ ನನ್ನ ಕೆಮ್ಮು ಕೇಳಿಸುವುದೇ ಇಲ್ಲ, ನನ್ನ ಆರೋಗ್ಯ ಸುಧಾರಿಸಿತೇನು?’ ಎಂದು ಮರಾಠಿಯಲ್ಲಿ ಚೇಷ್ಟೆ ಮಾಡಿದರು. ಅವನು ನಮಸ್ಕಾರ ಮಾಡಿ ಇಳಿದುಹೋದ.

ಹೊಲಿಗೆ ಬಿಚ್ಚಿ ಮನೆಗೆ ಕಳಿಸುವ ಹಿಂದಿನ ಸಂಜೆ ನಾಲ್ವರೂ ಹದಿನೇಳನೆಯ ಕಾಟಿನ ಸುತ್ತ ಇದ್ದರು. ಅದೃಷ್ಟವೋ ರೂಢಿಯೋ, ಅದೇ ಕಾಟು ಮತ್ತೆ ಸಿಕ್ಕಿತ್ತು. ಶ್ಯಾಮ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದ. ಮುಖ ಸಣ್ಣದಾಗಿತ್ತು, ಕಣ್ಣು ದೊಡ್ಡವಾಗಿದ್ದವು.

‘ಕಾಕಾ, ಪಾರಸೀನ್ನ ಮಾಡು.’

‘ಇಲ್ಲಪಾ. ನಗಸಬ್ಯಾಡ ಅಂದಾರ.’

‘ಹಂಗಾದರ ನಾ ಒಬ್ಬರನ್ನ ಮಾಡತೀನಿ. ಯಾರು ಅಂತ ಹೇಳಬೇಕು.’ ಹುಡುಗ ಗಂಟಲು ಸರಿಮಾಡಿಕೊಂಡ. ಭುಜ ಕುಗ್ಗಿಸಿದ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಆಮೇಲೆ ತೆಳ್ಳಗಿನ, ಅಲ್ಲಲ್ಲಿ ಒಡೆದ ದನಿಯಲ್ಲಿ ಹೇಳಿದ:

‘ಅವ್ವಾ, ನಾ ಮಾಡಲಿಕತ್ತಿಲ್ಲ. ಇದು ನನ್ನ ದನಿ. ನಗಬ್ಯಾಡ್ರಿ.’

ಆ ಒಂಬತ್ತನೆಯ ದಿನ ಅವನು ಅರ್ಧಗಣ್ಣಿನಲ್ಲೇ ಎಲ್ಲವನ್ನೂ ನೋಡಿ ಕೇಳಿಸಿಕೊಂಡಿದ್ದನೆಂದು ಆಗ ತಿಳಿಯಿತು. ಬಿಂದುಮಾಧವ ಕಿಡಕಿಯ ಕಡೆ ತಿರುಗಿದ. ಗಂಗೂಬಾಯಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸೆರಗಿನೊಳಗೆ ತುರುಕಿದಳು. ಪ್ರಲ್ಹಾದ ನೆಲ ನೋಡುತ್ತ ನಿಂತ.

‘ಯಾರು ಹೇಳು?’ ಎಂದ ಶ್ಯಾಮ.

ಅಂಬಾ ಮಗನ ಚಾದರದ ಮೇಲಿನ ಪಾವಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಹಾಕಿಕೊಂಡಳು. ಆಮೇಲೆ ತಲೆ ಎತ್ತಿ, ಮೂರು ವಾರದ ಮೇಲೆ ಮೊದಲ ಸಲ ಮೈದುನನ ಮುಖವನ್ನು ನೆಟ್ಟಗೆ ನೋಡಿದಳು.

‘ಬರೋಬ್ಬರಿ ಬರಲಿಲ್ಲ ಅವಗ,’ ಎಂದಳು. ‘ನಿನ್ನ ದನಿ ಇದಕ್ಕಿಂತಾ ಹೆಚ್ಚು ನಡಗತಿತ್ತು.’